ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುವುದೇಕೆ? ಟ್ರ್ಯಾಕ್ಟರಿನ ಸಾಕೆಟ್ಟಿಗೆ ಟ್ರ್ಯಾಲಿಯ ವೈರಿಂಗ್ ಹೊಂದಿಸುವ ಬಗೆ

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಒಂದು ಹಳ್ಳಿ. ಈ ವರ್ಷ ಹೊಸ ಟ್ರ್ಯಾಕ್ಟರ್ ಕೊಂಡಿದ್ದೇವೆ, ಟ್ರ್ಯಾಲಿ ಮಾತ್ರ ಹನ್ನೆರಡು ವರ್ಷದ ಹಳೆಯದು. ಹಳೆಯ ಟ್ರ್ಯಾಕ್ಟರಿಗೆ ಎರಡು ವೈರ್ ತಿರುವಿ ದೀಪ ಹಚ್ಚುತ್ತಿದ್ದೆವು. ಹೊಸದಕ್ಕೆ ಹಿಂದೆ ಏಳು ಪಿನ್ನಿನ ಸಾಕೆಟ್ ಇರುವುದರಿಂದ ಅದಕ್ಕೆ ಹೊಂದುವ ಪ್ಲಗ್ ತಂದು, ಬಣ್ಣ ನೋಡಿ ವೈರ್ ಜೋಡಿಸಿದೆವು. ಈಗ ದೀಪವನ್ನಷ್ಟೇ ಹಾಕಿದರೆ ಟ್ರ್ಯಾಲಿಯ ಹಿಂದಿನ ಕೆಂಪು ದೀಪ ಉರಿಯುತ್ತದೆ. ಬ್ರೇಕ್ ಒತ್ತಿದ ಕೂಡಲೇ ಆ ಕೆಂಪು ದೀಪ ಹೆಚ್ಚು ಕಡಿಮೆ ಆರಿ, ಎರಡೂ ಇಂಡಿಕೇಟರ್ ಮಂದವಾಗಿ ಹೊತ್ತಿಕೊಳ್ಳುತ್ತವೆ. ಎಡ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪವೂ ಅದರೊಂದಿಗೆ ಮಿಡಿಯುತ್ತದೆ. ಪ್ಲಗ್ ಕಿತ್ತರೆ ಟ್ರ್ಯಾಕ್ಟರಿನ ದೀಪಗಳೆಲ್ಲ ಸರಿಯಾಗಿವೆ. ಒಬ್ಬ ಎಲೆಕ್ಟ್ರಿಷಿಯನ್ ಟ್ರ್ಯಾಕ್ಟರಿನ ವೈರಿಂಗ್ ಕೆಟ್ಟಿದೆ ಎನ್ನುತ್ತಾರೆ, ಇನ್ನೊಬ್ಬರು ಪ್ಲಗ್ ಬದಲಿಸಿ ಎನ್ನುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಓಡಿಸಬೇಕು, ಬಾಡಿಗೆಗೆ ತಂದ ಎರಡನೆಯ ಟ್ರ್ಯಾಲಿಯನ್ನೂ ಕಟ್ಟುತ್ತೇವೆ. ಏನು ಮಾಡಬೇಕು?

ಉತ್ತರ: ಟ್ರ್ಯಾಕ್ಟರಿನ ವೈರಿಂಗಿಗೆ ಕೈ ಹಾಕಬೇಡಿ, ಪ್ಲಗ್ಗನ್ನೂ ಸದ್ಯಕ್ಕೆ ಬದಲಿಸಬೇಡಿ. ನೀವು ಬರೆದ ಲಕ್ಷಣಗಳು ಒಂದೇ ಕಡೆಗೆ ಬೊಟ್ಟು ಮಾಡುತ್ತವೆ: ಟ್ರ್ಯಾಲಿಯ ಬಾಡಿಯಿಂದ ಟ್ರ್ಯಾಕ್ಟರಿನ ಬ್ಯಾಟರಿಗೆ ಕರೆಂಟು ಹಿಂದಿರುಗುವ ದಾರಿ, ಅಂದರೆ ಅರ್ಥಿಂಗ್, ಕಡಿದುಹೋಗಿದೆ ಅಥವಾ ಮೊದಲಿನಿಂದಲೂ ಇರಲೇ ಇಲ್ಲ. ಹೊಸ ವೈರ್ ಎಳೆಯುವ ಮೊದಲು ಇದನ್ನು ಐದು ನಿಮಿಷದಲ್ಲಿ ಖಚಿತಪಡಿಸಿಕೊಳ್ಳಬಹುದು. ಬ್ಯಾಟರಿ ಇಳಿದಾಗ ಬಳಸುವ ದಪ್ಪ ಜಂಪರ್ ಕೇಬಲ್ಲುಗಳಲ್ಲಿ ಕಪ್ಪನೆಯದೊಂದನ್ನೇ ತೆಗೆದುಕೊಂಡು, ಒಂದು ತುದಿಯನ್ನು ಟ್ರ್ಯಾಕ್ಟರ್ ಬ್ಯಾಟರಿಯ ಮೈನಸ್ ಕಡೆಗೆ ಕಚ್ಚಿಸಿ. ಇನ್ನೊಂದು ತುದಿಯನ್ನು ಟ್ರ್ಯಾಲಿಯ ಚಾಸಿಯಲ್ಲಿ ಬಣ್ಣ ಕೆರೆದು ಕಬ್ಬಿಣ ಬೆಳ್ಳಗೆ ಕಾಣುವಂತೆ ಮಾಡಿದ ಜಾಗಕ್ಕೆ ಕಚ್ಚಿಸಿ. ಕೇಬಲ್ ಅಷ್ಟು ಉದ್ದ ಬರದಿದ್ದರೆ ಮಧ್ಯೆ ದಪ್ಪನೆಯ ತಾಮ್ರದ ವೈರ್ ಸೇರಿಸಿಕೊಳ್ಳಿ. ಪ್ಲಸ್ ಕಡೆಯ ಕೇಬಲ್ಲನ್ನು ಈ ಕೆಲಸಕ್ಕೆ ಹತ್ತಿರವೂ ತರಬೇಡಿ. ಹೀಗೆ ಕಟ್ಟಿ ಬ್ರೇಕ್ ಒತ್ತಿದಾಗ ಇಂಡಿಕೇಟರುಗಳ ಮಿನುಗು ನಿಂತು ಬ್ರೇಕ್ ದೀಪ ಮಾತ್ರ ಪ್ರಖರವಾಗಿ ಹೊತ್ತಿದರೆ, ದೋಷ ಎಲ್ಲಿದೆ ಎಂಬ ವಾದ ಅಲ್ಲಿಗೆ ಮುಗಿಯಿತು.

ಹೀಗೇಕಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದೆ ಯಾವ ಟ್ರ್ಯಾಲಿ ಎದುರಿಗೆ ಬಂದರೂ ನೀವೇ ದೋಷ ಹಿಡಿಯಬಲ್ಲಿರಿ. ಎರೆ ಹೊಲದಲ್ಲಿ ಬಸಿಗಾಲುವೆ ಮುಚ್ಚಿಹೋದರೆ ನೀರು ಹೇಗೆ ಪಕ್ಕದ ಸಾಲಿಗೆ ನುಗ್ಗುತ್ತದೆಯೋ, ಹಾಗೆಯೇ ಹಿಂದಿರುಗುವ ದಾರಿ ಇಲ್ಲದ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ. ಬ್ರೇಕ್ ಒತ್ತಿದಾಗ ಹನ್ನೆರಡು ವೋಲ್ಟು ಟ್ರ್ಯಾಲಿಯ ಬ್ರೇಕ್ ಬಲ್ಬುಗಳ ಮೂಲಕ ಬಾಡಿಗೆ ಬರುತ್ತದೆ. ಬಾಡಿಯಿಂದ ಬ್ಯಾಟರಿಗೆ ದಾರಿ ಇಲ್ಲ. ಆದರೆ ಅದೇ ಬಾಡಿಗೆ ಇಂಡಿಕೇಟರ್ ಬಲ್ಬುಗಳೂ ಅಂಟಿಕೊಂಡಿವೆ. ಆದ್ದರಿಂದ ಕರೆಂಟು ಆ ಬಲ್ಬುಗಳೊಳಗೆ ಹಿಮ್ಮುಖವಾಗಿ ಏರಿ, ಇಂಡಿಕೇಟರ್ ವೈರಿನ ಮೂಲಕ ಟ್ರ್ಯಾಕ್ಟರಿಗೆ ಬಂದು, ಟ್ರ್ಯಾಕ್ಟರಿನದೇ ಇಂಡಿಕೇಟರ್ ಬಲ್ಬುಗಳನ್ನು ದಾಟಿ ಅರ್ಥಿಂಗ್ ಸೇರುತ್ತದೆ. ಮೂರು ಕಡೆ ಬಲ್ಬು ದಾಟಿದ್ದರಿಂದ ಯಾವುದಕ್ಕೂ ಪೂರ್ಣ ವೋಲ್ಟೇಜು ಸಿಗುವುದಿಲ್ಲ, ಎಲ್ಲವೂ ಮಂದವಾಗುತ್ತವೆ. ಹಿಂದಿನ ಕೆಂಪು ದೀಪ ಆರಿದಂತಾಗುವುದಕ್ಕೂ ಇದೇ ಕಾರಣ: ಅದರ ಒಂದು ಬದಿಯಲ್ಲಿ ಹನ್ನೆರಡು ವೋಲ್ಟು ಇದ್ದೇ ಇದೆ, ಆದರೆ ಬ್ರೇಕ್ ಒತ್ತಿದೊಡನೆ ಇನ್ನೊಂದು ಬದಿಯಾದ ಬಾಡಿಯೂ ಮೇಲಕ್ಕೇರುವುದರಿಂದ ಎರಡರ ನಡುವಿನ ವ್ಯತ್ಯಾಸ ಕುಗ್ಗುತ್ತದೆ. ಎಡ ಇಂಡಿಕೇಟರ್ ಹಾಕಿದಾಗ ಬಾಡಿಯ ವೋಲ್ಟೇಜು ಅದರ ತಾಳಕ್ಕೆ ಏರಿಳಿಯುತ್ತದೆ, ಆದ್ದರಿಂದಲೇ ಕೆಂಪು ದೀಪ ಮಿಡಿಯುತ್ತದೆ. ಗಮನಿಸಿ ನೋಡಿದರೆ ಇಂಡಿಕೇಟರ್ ಹೊತ್ತಿದ ಗಳಿಗೆಯಲ್ಲಿ ಕೆಂಪು ದೀಪ ಕುಂದುತ್ತದೆ, ಇಂಡಿಕೇಟರ್ ಆರಿದಾಗ ಅದು ಚೇತರಿಸಿಕೊಳ್ಳುತ್ತದೆ.

ಈ ದೋಷ ಮೋಸ ಮಾಡುವುದು ಎಲ್ಲಿ ಎಂದರೆ, ಹಿಂದಿನ ದೀಪದ ಬಲ್ಬು ಬರೇ 5 ವ್ಯಾಟಿನದು, ಬ್ರೇಕ್ ಮತ್ತು ಇಂಡಿಕೇಟರಿನವು 21 ವ್ಯಾಟಿನವು. ಸಣ್ಣ ಬಲ್ಬಿಗೆ ಬೇಕಾದ ಅಲ್ಪ ಕರೆಂಟು ದೊಡ್ಡ ಬಲ್ಬುಗಳ ಮೂಲಕ ಸುಲಭವಾಗಿ ಹಾದುಹೋಗುತ್ತದೆ, ದೊಡ್ಡ ಬಲ್ಬುಗಳು ಹೊತ್ತುವುದೂ ಇಲ್ಲ. ಹೀಗಾಗಿ ದೀಪ ಹಾಕಿ ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಹಿಂದಿನಿಂದ ಬರುವ ಲಾರಿಯವನಿಗೆ ನಿಮ್ಮ ದೀಪ ಅತ್ಯಂತ ಅಗತ್ಯವಾದ ಗಳಿಗೆಯಲ್ಲಿ, ನೀವು ಬ್ರೇಕ್ ಒತ್ತಿದಾಗ, ಅದು ಕೈಕೊಡುತ್ತದೆ. ಬೀದರ್ ಕಡೆಯ ಚಳಿಗಾಲದ ಮಂಜಿನಲ್ಲಿ, ಹುಮನಾಬಾದಿನಿಂದ ಕಲಬುರಗಿಗೆ ಬರುವ ಹೆದ್ದಾರಿಯಲ್ಲಿ ರಾತ್ರಿ ಓಡಾಡಿದವರಿಗೆ ಇದರ ಅಪಾಯವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಟ್ರ್ಯಾಕ್ಟರಿನಲ್ಲಿ ಎರಡು ವೈರಿನಿಂದ ನಡೆಯುತ್ತಿದ್ದದ್ದು ಈಗೇಕೆ ನಡೆಯುವುದಿಲ್ಲ ಎಂಬ ಸಂದೇಹ ನಿಮಗೆ ಬರುವುದು ಸಹಜ. ಆಗ ಹುಕ್ಕಿನ ಪಿನ್ನೇ ಅರ್ಥಿಂಗ್ ಕೆಲಸವನ್ನೂ ಮಾಡುತ್ತಿತ್ತು. ವರ್ಷಗಟ್ಟಲೆ ಸವೆದು ಹೊಳೆಯುತ್ತಿದ್ದ ಹಳೆಯ ಹುಕ್ಕಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಹೊಸ ಟ್ರ್ಯಾಕ್ಟರಿನ ಹುಕ್ಕಿನ ಮೇಲೆ ದಪ್ಪ ಬಣ್ಣವಿದೆ, ಪಿನ್ನಿಗೆ ಗ್ರೀಸ್ ಹಚ್ಚುತ್ತೀರಿ, ಅದರ ಮೇಲೆ ಎರೆ ಮಣ್ಣು ಕೂರುತ್ತದೆ. ಬಣ್ಣ ಸವೆದ ಮೇಲೂ ಹುಕ್ಕನ್ನು ನಂಬುವಂತಿಲ್ಲ. ಭಾರ ಎಳೆಯುವಾಗ ಪಿನ್ನು ಬಿಗಿಯಾಗಿ ಒತ್ತಿಕೊಂಡಿರುತ್ತದೆ. ಬ್ರೇಕ್ ಒತ್ತಿ ಟ್ರ್ಯಾಲಿ ಮುಂದಕ್ಕೆ ನೂಕಿದಾಗ ಅದೇ ಪಿನ್ನು ತೂತಿನೊಳಗೆ ಸಡಿಲವಾಗುತ್ತದೆ. ಹುಕ್ಕಿನ ಸಂಪರ್ಕ ತಪ್ಪುವುದು ಬ್ರೇಕ್ ದೀಪ ಬೇಕಾದ ಹೊತ್ತಿಗೇ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಟ್ರ್ಯಾಲಿಯ ವೈರಿಂಗಿನಲ್ಲಿ ಮೊದಲು ಎಳೆಯಬೇಕಾದ ತಂತಿ ಅರ್ಥಿಂಗಿನದು, ಎಲ್ಲಕ್ಕಿಂತ ದಪ್ಪವಾಗಿರಬೇಕಾದದ್ದೂ ಅದೇ.

ಇನ್ನು ಬಣ್ಣದ ವಿಷಯ. ನೀವು ಬಣ್ಣ ನೋಡಿ ಜೋಡಿಸಿದ್ದಾಗಿ ಬರೆದಿದ್ದೀರಿ. ಹನ್ನೆರಡು ವರ್ಷದಲ್ಲಿ ಎಷ್ಟು ಕೈಗಳು ಆ ಟ್ರ್ಯಾಲಿಗೆ ಯಾವ ಯಾವ ವೈರ್ ಸೇರಿಸಿವೆಯೋ ಯಾರು ಬಲ್ಲರು? ಬಣ್ಣಕ್ಕಿಂತ ಅಂಕಿಯನ್ನು ನಂಬಬೇಕು. ಪ್ಲಗ್ಗಿನ ಹಿಂದಿನ ಮುಚ್ಚಳ ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ, ಬ್ಯಾಟರಿ ಬೆಳಕನ್ನು ಓರೆಯಾಗಿ ಹಿಡಿದು ನೋಡಿದರೆ ಪ್ರತಿ ಸ್ಕ್ರೂವಿನ ಪಕ್ಕದಲ್ಲಿ ಪ್ಲಾಸ್ಟಿಕ್ಕಿನಲ್ಲೇ ಅಚ್ಚೊತ್ತಿದ 1ರಿಂದ 7ರವರೆಗಿನ ಸಣ್ಣ ಅಂಕಿಗಳು ಕಾಣುತ್ತವೆ. ಪ್ಲಗ್ಗಿನ ಮುಂಭಾಗ ನೋಡಿ ಎಡ ಬಲ ಲೆಕ್ಕ ಹಾಕಬೇಡಿ, ಏಕೆಂದರೆ ಮುಂದಿನಿಂದ ಕಂಡ ಕ್ರಮ ವೈರ್ ಕಟ್ಟುವ ಹಿಂಬದಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗುತ್ತದೆ.

ಹನ್ನೆರಡು ವೋಲ್ಟಿನ ಏಳು ಪಿನ್ನಿನ ಸಾಕೆಟ್ಟಿಗೆ ಐಎಸ್ಒ 1724 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರ ಪ್ರಕಾರ 1ನೆಯದು ಎಡ ಇಂಡಿಕೇಟರ್, ಬಣ್ಣ ಹಳದಿ. 2ನೆಯದು ಹಿಂದಿನ ಮಂಜುದೀಪಕ್ಕೆ ಮೀಸಲಾದ ನೀಲಿ ತಂತಿ. ಇದು ಖಾಲಿ ಇರುವುದೂ ಉಂಟು. 3ನೆಯದು ಅರ್ಥಿಂಗ್, ಬಿಳಿ. 4ನೆಯದು ಬಲ ಇಂಡಿಕೇಟರ್, ಹಸಿರು. 5ನೆಯದು ಬಲಬದಿಯ ಹಿಂದಿನ ದೀಪ, ಕಂದು. 6ನೆಯದು ಬ್ರೇಕ್ ದೀಪ, ಕೆಂಪು. ನಡುವಿನ 7ನೆಯದು ಎಡಬದಿಯ ಹಿಂದಿನ ದೀಪ, ಕಪ್ಪು. ಈ ಬಣ್ಣಗಳನ್ನು ಮನೆಯ ವೈರಿಂಗ್ ಮಾಡುವ ಕೈ ಓದುವ ರೀತಿಯೇ ಬೇರೆ. ಮನೆಯಲ್ಲಿ ಹಸಿರು ಎಂದರೆ ಅರ್ಥಿಂಗ್, ಕಪ್ಪು ಎಂದರೆ ನ್ಯೂಟ್ರಲ್. ಅದೇ ರೂಢಿಯಲ್ಲಿ ಹಸಿರು ತಂತಿಯನ್ನು ಟ್ರ್ಯಾಲಿಯ ಬಾಡಿಗೆ ಬಿಗಿದರೆ ಬಲ ಇಂಡಿಕೇಟರ್ ಹಾಕಿದಾಗಲೆಲ್ಲ ಫ್ಯೂಸ್ ಹೋಗುತ್ತದೆ. ಕಪ್ಪನ್ನು ಬಿಗಿದರೆ ದೀಪ ಹಾಕಿದೊಡನೆ ಫ್ಯೂಸ್ ಹೋಗುತ್ತದೆ. ಮೊಬೈಲಿನಲ್ಲಿ ಕಾಣುವ ಅಮೆರಿಕದ ವಿಡಿಯೋಗಳ ನಾಲ್ಕು ವೈರಿನ ಪದ್ಧತಿಯೂ ನಮಗೆ ಹೊಂದುವುದಿಲ್ಲ: ಅಲ್ಲಿ ಹಳದಿ ತಂತಿಯೊಂದೇ ಎಡ ಇಂಡಿಕೇಟರನ್ನೂ ಎಡ ಬ್ರೇಕ್ ದೀಪವನ್ನೂ, ಹಸಿರು ತಂತಿಯೊಂದೇ ಬಲಬದಿಯ ಇವೆರಡನ್ನೂ ನಡೆಸುತ್ತದೆ. ನಮ್ಮಲ್ಲಿ ಬ್ರೇಕ್ ದೀಪಕ್ಕೆ ಬೇರೆಯೇ ತಂತಿ.

ಲಾರಿ ಕೆಲಸದಲ್ಲಿ ನುರಿತವರ ಕೈಯಿಂದ ಆಗುವ ಇನ್ನೊಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ದೊಡ್ಡ ಲಾರಿಗಳ ಟ್ರೇಲರಿಗೆ ಇಪ್ಪತ್ತನಾಲ್ಕು ವೋಲ್ಟಿನ, ಐಎಸ್ಒ 1185 ಎಂಬ ಮಾನಕದ ಏಳು ಪಿನ್ನು ಇರುತ್ತದೆ. ಅದರಲ್ಲಿ ಅರ್ಥಿಂಗ್ ಬರುವುದು 1ನೆಯ ಪಿನ್ನಿಗೆ, ಎಡ ಇಂಡಿಕೇಟರ್ ಬರುವುದು 3ನೆಯದಕ್ಕೆ, ಬ್ರೇಕ್ ದೀಪ 4ನೆಯದಕ್ಕೆ. ಅಫಜಲಪುರ ಕಡೆಯ ಒಂದು ಟ್ರ್ಯಾಲಿ ನನ್ನ ಬಳಿಗೆ ಬಂದಾಗ, ಎಡ ಇಂಡಿಕೇಟರ್ ಹಾಕಿದ ಕ್ಷಣವೇ ಟ್ರ್ಯಾಕ್ಟರಿನ ಫ್ಯೂಸ್ ಸುಡುತ್ತಿತ್ತು. ಅದರ ಮಾಲೀಕರು ಫ್ಯೂಸ್ ಬದಲಿಸಿ ಬದಲಿಸಿ ಬೇಸತ್ತು ಇಂಡಿಕೇಟರ್ ಹಾಕುವುದನ್ನೇ ಬಿಟ್ಟಿದ್ದರು. ಪ್ಲಗ್ ಬಿಚ್ಚಿದರೆ ಕೆಲಸ ಅಚ್ಚುಕಟ್ಟಾಗಿಯೇ ಇತ್ತು, ಆದರೆ ಲಾರಿಯ ಕ್ರಮದಲ್ಲಿತ್ತು. ಟ್ರ್ಯಾಕ್ಟರಿನ ಎಡ ಇಂಡಿಕೇಟರಿನ ತಂತಿ ನೇರವಾಗಿ ಟ್ರ್ಯಾಲಿಯ ಬಾಡಿಗೆ ಹೋಗಿ ಸೇರುತ್ತಿತ್ತು. ನಿಮ್ಮ ಟ್ರ್ಯಾಕ್ಟರಿನಲ್ಲಿ ಫ್ಯೂಸ್ ಹೋದ ಮಾತಿಲ್ಲದ ಕಾರಣ ಈ ತಪ್ಪು ನಿಮ್ಮಲ್ಲಿ ಇರಲಾರದು ಎಂದು ನನಗೆ ಅನಿಸುತ್ತದೆ, ಆದರೂ ಬಾಡಿಗೆಯ ಟ್ರ್ಯಾಲಿಯನ್ನು ಕಟ್ಟುವ ಮೊದಲು ಅದರ ಪ್ಲಗ್ಗನ್ನೂ ಬಿಚ್ಚಿ ನೋಡಿ.

ಪರೀಕ್ಷೆಯನ್ನು ಎರಡು ಭಾಗ ಮಾಡಿಕೊಳ್ಳಿ. ಟ್ರ್ಯಾಕ್ಟರನ್ನು ಬೇರೆ, ಟ್ರ್ಯಾಲಿಯನ್ನು ಬೇರೆ ನೋಡಿದರೆ ಗೊಂದಲವಿರುವುದಿಲ್ಲ. 21 ವ್ಯಾಟಿನ ಒಂದು ಬಲ್ಬಿಗೆ ಹೋಲ್ಡರ್ ಹಾಕಿ ಎರಡು ವೈರ್ ಬಿಟ್ಟು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಮಲ್ಟಿಮೀಟರ್ ಇದ್ದರೂ ಈ ಬಲ್ಬೇ ಮೇಲು. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಹನ್ನೆರಡು ವೋಲ್ಟು ತೋರಿಸುತ್ತದೆ, ಏಕೆಂದರೆ ಅದು ಕರೆಂಟನ್ನು ಎಳೆಯುವುದೇ ಇಲ್ಲ. ಬಲ್ಬು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುವುದರಿಂದ ಸೊರಗಿದ ವೈರಿನ ನಿಜವನ್ನು ಕೂಡಲೇ ಹೊರಹಾಕುತ್ತದೆ. ಟ್ರ್ಯಾಕ್ಟರಿನ ಸಾಕೆಟ್ಟಿನ 3ನೆಯ ಪಿನ್ನಿಗೆ ಬಲ್ಬಿನ ಒಂದು ತುದಿ ಹಿಡಿದು, ಒಬ್ಬರು ಮೇಲೆ ಕುಳಿತು ದೀಪ, ಬ್ರೇಕ್, ಎಡ, ಬಲ ಎಂದು ಹಾಕುತ್ತಿರುವಾಗ ಇನ್ನೊಂದು ತುದಿಯನ್ನು ಆಯಾ ಪಿನ್ನಿಗೆ ಮುಟ್ಟಿಸಿ. ಬಲ್ಬು ಪ್ರತಿ ಸಲವೂ ಪೂರ್ಣವಾಗಿ ಹೊತ್ತಬೇಕು. ಇಲ್ಲಿ ಮುಖ್ಯವಾದದ್ದು, ಬಲ್ಬಿನ ತುದಿಯನ್ನು ಟ್ರ್ಯಾಕ್ಟರಿನ ಬಾಡಿಗೆ ಹಿಡಿಯದೆ 3ನೆಯ ಪಿನ್ನಿಗೇ ಹಿಡಿಯುವುದು. ಬಾಡಿಗೆ ಹಿಡಿದರೆ 3ನೆಯ ಪಿನ್ನು ಸತ್ತಿದ್ದರೂ ನಿಮಗೆ ತಿಳಿಯುವುದಿಲ್ಲ.

ಟ್ರ್ಯಾಲಿಯ ಪರೀಕ್ಷೆಗೆ ಬೇರೊಂದು ಹನ್ನೆರಡು ವೋಲ್ಟಿನ ಬ್ಯಾಟರಿ ಬೇಕು, ಪ್ಲಸ್ ಕಡೆಗೆ 10 ಆಂಪಿಯರಿನ ಫ್ಯೂಸ್ ಇರಲಿ. ಟ್ರ್ಯಾಲಿಯನ್ನು ಹುಕ್ಕಿನಿಂದ ಬಿಡಿಸಿ, ಮೈನಸ್ಸನ್ನು ಪ್ಲಗ್ಗಿನ 3ನೆಯ ಪಿನ್ನಿಗೆ ಕೊಟ್ಟು, ಪ್ಲಸ್ಸನ್ನು ಉಳಿದ ಪಿನ್ನುಗಳಿಗೆ ಒಂದೊಂದಾಗಿ ಮುಟ್ಟಿಸುತ್ತ ಹಿಂದೆ ಯಾವ ದೀಪ ಹೊತ್ತಿತು ಎಂದು ಬರೆದುಕೊಳ್ಳಿ. ನಿಮ್ಮ ಟ್ರ್ಯಾಲಿಯಲ್ಲಿ ಬಹುಶಃ ಯಾವ ದೀಪವೂ ಹೊತ್ತುವುದಿಲ್ಲ, ಏಕೆಂದರೆ 3ನೆಯ ಪಿನ್ನಿಗೆ ತಂತಿಯೇ ಇರಲಾರದು. ಆಗ ಮೈನಸ್ಸನ್ನು ಚಾಸಿಗೆ ಕೊಟ್ಟು ಮತ್ತೆ ನೋಡಿ. ಬ್ರೇಕ್ ಪಿನ್ನಿಗೆ ಮುಟ್ಟಿಸಿದಾಗ ಇಂಡಿಕೇಟರಿನ ತಂಟೆಯಿಲ್ಲದೆ ಹಿಂದಿನ ದೀಪ ಮತ್ತು ನಂಬರ್ ಪ್ಲೇಟಿನ ದೀಪ ಮಾತ್ರ ಜೊತೆಗೆ ಹೊತ್ತಿದರೆ ದೋಷ ಬೇರೆಯದು: ಬ್ರೇಕ್ ಮತ್ತು ಹಿಂದಿನ ದೀಪ ಎರಡಕ್ಕೂ ಸೇರಿದ ಎರಡು ತಂತುವಿನ (ತಂತು ಎಂದರೆ ಬಲ್ಬಿನೊಳಗೆ ಕಾದು ಬೆಳಗುವ ಸಣ್ಣ ಎಳೆ) ಬಲ್ಬಿನ ಜಾಗದಲ್ಲಿ ಯಾರೋ ಒಂದೇ ತಂತುವಿನ ಬಲ್ಬನ್ನು ಒತ್ತಿ ಕೂರಿಸಿದ್ದಾರೆ, ಅದರ ತಳದ ಒಂದೇ ಗುಂಡಿ ಹೋಲ್ಡರಿನ ಎರಡೂ ಸಂಪರ್ಕಗಳನ್ನು ಕೂಡಿಸಿದೆ.

ದೋಷ ಸಿಕ್ಕ ಮೇಲೆ ತೇಪೆ ಹಾಕಬೇಡಿ. ಹನ್ನೆರಡು ವರ್ಷ ನಮ್ಮ ಬಿಸಿಲಿಗೆ ಬೆಂದ ವೈರಿನ ಮೇಲ್ಪದರ ಬಗ್ಗಿಸಿದರೆ ಬಿರಿಯುತ್ತದೆ. ಒಮ್ಮೆಗೇ ಒಳಗೆ ಏಳು ಬೇರೆ ಬೇರೆ ತಂತಿಗಳಿರುವ ಹೊಸ ಕೇಬಲ್ ಎಳೆಯಿರಿ. ದಪ್ಪದ ಲೆಕ್ಕ ಹೀಗಿದೆ. ದೀಪ ಹಾಕಿ, ಬ್ರೇಕ್ ಒತ್ತಿ, ಒಂದು ಇಂಡಿಕೇಟರನ್ನೂ ಹಾಕಿದಾಗ ಒಂದು ಟ್ರ್ಯಾಲಿಯ ಬಲ್ಬುಗಳೆಲ್ಲ ಸೇರಿ 78 ವ್ಯಾಟು ಆಗುತ್ತದೆ, ಅಂದರೆ ಆರೂವರೆ ಆಂಪಿಯರ್. ಇದೆಲ್ಲವೂ ಹಿಂದಿರುಗುವುದು ಒಂದೇ ಅರ್ಥಿಂಗ್ ತಂತಿಯಲ್ಲಿ. ಆರು ಮೀಟರ್ ಉದ್ದಕ್ಕೆ ಅರ್ಧ ಚದರ ಮಿಲಿಮೀಟರಿನ ತೆಳು ವೈರ್ ಹಾಕಿದರೆ ಸುಮಾರು 1.4 ವೋಲ್ಟು ಅಲ್ಲೇ ಇಂಗಿಹೋಗುತ್ತದೆ. ತಂತುವಿನ ಬಲ್ಬು ಇದನ್ನು ಸಹಿಸುವುದಿಲ್ಲ, ಅದರ ಬೆಳಕಿನಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ಹೋಗುತ್ತದೆ. ಅರ್ಥಿಂಗಿಗೆ ಎರಡೂವರೆ ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ 0.3 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಉಳಿದವಕ್ಕೆ ಒಂದು ಅಥವಾ ಒಂದೂವರೆ ಸಾಕು. ಅರ್ಥಿಂಗ್ ತಂತಿಯನ್ನು ಪ್ಲಗ್ಗಿನ 3ನೆಯ ಪಿನ್ನಿನಿಂದ ಹಿಡಿದು ಪ್ರತಿ ದೀಪದ ಹೋಲ್ಡರಿನವರೆಗೂ ತಂತಿಯಾಗಿಯೇ ಒಯ್ಯಿರಿ, ಮಡ್‌ಗಾರ್ಡಿನ ಬೋಲ್ಟನ್ನು ನಂಬಬೇಡಿ. ಚಾಸಿಗೂ ಒಂದು ಕಡೆ ಕೂಡಿಸಿ: ಬಣ್ಣ ಕೆರೆದು, ತಂತಿಯ ತುದಿಗೆ ಲಗ್ (ಬೋಲ್ಟಿಗೆ ಕೂರುವ ತೂತಿನ ಲೋಹದ ತುದಿ) ಹಾಕಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಟ್ರ್ಯಾಲಿಯಲ್ಲಿ ಯೂರಿಯಾ, ಡಿಎಪಿ ಚೀಲ ತರುವವರು ಈ ಗ್ರೀಸನ್ನು ಮರೆಯಲೇಬಾರದು. ಚೆಲ್ಲಿದ ಗೊಬ್ಬರ ತೇವ ಹಿಡಿದು ತಾಮ್ರ ಹಿತ್ತಾಳೆಗಳನ್ನು ಹಸಿರುಗಟ್ಟಿಸಿ ತಿನ್ನುತ್ತದೆ.

ಕೇಬಲ್ ಹೋಗುವ ದಾರಿಯನ್ನು ಅಚ್ಚಿನಿಂದಲೂ ಟಯರಿನಿಂದಲೂ ದೂರವಿಡಿ. ಹುಕ್ಕಿನ ಹತ್ತಿರ ಬಿಡುವ ಸಡಿಲು, ಟ್ರ್ಯಾಕ್ಟರ್ ಎರಡೂ ಕಡೆ ಪೂರ್ತಿ ತಿರುಗಿದರೂ ಎಳೆಯದಷ್ಟು ಇರಬೇಕು, ಜೋತುಬಿದ್ದು ನೆಲ ಮುಟ್ಟುವಷ್ಟು ಇರಬಾರದು. ಟಿಪ್ಪಿಂಗ್ ಟ್ರ್ಯಾಲಿಯಾದರೆ ಡಬ್ಬಿ ಎತ್ತಿದಾಗಲೂ ಇದನ್ನು ಒಮ್ಮೆ ನೋಡಿ.

ಎರಡನೆಯ ಟ್ರ್ಯಾಲಿಯ ವಿಷಯಕ್ಕೆ ಬಂದರೆ ಇನ್ನೊಂದು ಲೆಕ್ಕ ಎದುರಾಗುತ್ತದೆ. ಮೊದಲ ಟ್ರ್ಯಾಲಿಯ ಹಿಂದೆ ಅದೇ ಕ್ರಮದ ಸಾಕೆಟ್ ಹಾಕಿ ಅದರಿಂದ ಎರಡನೆಯದಕ್ಕೆ ಕೊಡಬೇಕು. ಹಾಗೆ ಕೊಡುವಾಗ ಮೊದಲ ಟ್ರ್ಯಾಲಿಯ ಅರ್ಥಿಂಗ್ ತಂತಿ ಎರಡರ ಭಾರವನ್ನೂ ಹೊರುತ್ತದೆ, ಆದ್ದರಿಂದ ಅದನ್ನು ನಾಲ್ಕು ಚದರ ಮಿಲಿಮೀಟರಿಗೆ ಏರಿಸುವುದು ಒಳ್ಳೆಯದು. ಬ್ರೇಕ್ ದೀಪಗಳು ಟ್ರ್ಯಾಕ್ಟರಿನ ಎರಡು, ಟ್ರ್ಯಾಲಿಗಳ ನಾಲ್ಕು ಸೇರಿ ಆರಾಗುತ್ತವೆ. 126 ವ್ಯಾಟು, ಅಂದರೆ ಹತ್ತೂವರೆ ಆಂಪಿಯರ್. ಟ್ರ್ಯಾಕ್ಟರಿನ ಬ್ರೇಕ್ ಸ್ವಿಚ್ಚು, ಫ್ಯೂಸುಗಳು ಇಷ್ಟಕ್ಕೆ ಸಿದ್ಧವಾಗಿರದಿದ್ದರೆ ಫ್ಯೂಸ್ ಹೋಗುತ್ತದೆ, ಆಗ ದೊಡ್ಡ ಫ್ಯೂಸ್ ಹಾಕುವುದು ಪರಿಹಾರವಲ್ಲ, ವೈರನ್ನು ಸುಡುವ ದಾರಿ. ಬ್ಯಾಟರಿಯಿಂದ ಫ್ಯೂಸ್ ಸಹಿತ ನೇರ ತಂತಿ ತಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು) ಮೂಲಕ ಟ್ರ್ಯಾಲಿಗಳ ಬ್ರೇಕ್ ದೀಪ ನಡೆಸಬಹುದು, ಇಲ್ಲವೇ ಟ್ರ್ಯಾಲಿಗಳಿಗೆ ಎಲ್ಇಡಿ ದೀಪ ಹಾಕಬಹುದು. ನಾನಾದರೆ ಎಲ್ಇಡಿಯನ್ನೇ ಆರಿಸುತ್ತೇನೆ, ಕೆಸರು ರಸ್ತೆಯ ಕುಲುಕಾಟಕ್ಕೆ ಅದರಲ್ಲಿ ತುಂಡಾಗುವ ತಂತುವಿಲ್ಲ. ಇಂಡಿಕೇಟರನ್ನು ಮಿಣುಕಿಸುವ ಸಾಧನವಾದ ಫ್ಲ್ಯಾಷರ್ ಹಳೆಯ ಬಗೆಯದಾದರೆ ಭಾರ ಬದಲಾದಾಗ ಮಿಣುಕುವ ವೇಗವೂ ಬದಲಾಗುತ್ತದೆ. ಅದರ ಮೇಲೆ ಬರೆದ ವ್ಯಾಟನ್ನು ನೋಡಿ, ಹೊಂದದಿದ್ದರೆ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಿಸಿ. ಒಂದು ಎಚ್ಚರ: ಎಲ್ಇಡಿ ಹಿಮ್ಮುಖ ಕರೆಂಟನ್ನು ಬಿಡುವುದಿಲ್ಲ, ಆದ್ದರಿಂದ ಅರ್ಥಿಂಗ್ ಹೋದರೆ ಈಗಿನಂತೆ ಮಿನುಗಿ ಸುಳಿವು ಕೊಡದೆ ದೀಪಗಳು ಸುಮ್ಮನೆ ಆರಿಬಿಡುತ್ತವೆ.

ದೀಪ ಸರಿಯಿದ್ದರೂ ಕಬ್ಬಿನ ಸೋಗೆ ಅದರ ಮೇಲೆ ಇಳಿಬಿದ್ದಿದ್ದರೆ ಪ್ರಯೋಜನವಿಲ್ಲ. ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಹೇರು ಕಟ್ಟಿದ ಮೇಲೆ ಒಬ್ಬರು ಇನ್ನೂರು ಹೆಜ್ಜೆ ಹಿಂದೆ ನಡೆದು ಹೋಗಿ ನಿಂತು ನೋಡಲಿ. ಸೋಗೆ ಮುಚ್ಚಿದ್ದರೆ ದೀಪಗಳನ್ನು ಬ್ರಾಕೆಟ್ ಹಾಕಿ ಹೊರಬದಿಗೆ ತನ್ನಿ. ಮೇಲೆ ಕುಳಿತವರು ಆಗ ದೀಪ ಹಾಕಿಕೊಂಡೇ ಬ್ರೇಕ್ ಒತ್ತಬೇಕು, ಬ್ರೇಕ್ ಹಿಡಿದುಕೊಂಡೇ ಎಡ, ಬಲ ಇಂಡಿಕೇಟರ್ ಹಾಕಬೇಕು. ಒಂದೊಂದನ್ನೇ ಹಾಕಿ ನೋಡಿದರೆ ಅರ್ಥಿಂಗಿನ ದೋಷ ಅಡಗಿಕೊಂಡೇ ಉಳಿಯಬಹುದು.

ನಿಮ್ಮ ಇಬ್ಬರು ಎಲೆಕ್ಟ್ರಿಷಿಯನ್ನರಲ್ಲಿ ಎರಡನೆಯವರು ಸತ್ಯದ ಹತ್ತಿರವಿದ್ದಾರೆ: ಪ್ಲಗ್ ಬದಲಿಸಬೇಕಾಗಿಲ್ಲ, ಅದನ್ನು ಬಿಚ್ಚಿ 3ನೆಯ ಸ್ಕ್ರೂ ನೋಡಬೇಕು. ಅಲ್ಲಿ ಬಿಳಿ ತಂತಿ ಬಿಗಿದ ಮೇಲೆ ಮುಚ್ಚಳದ ರಬ್ಬರ್ ಸರಿಯಾಗಿ ಕೂರಿಸಿ, ಮತ್ತು ಟ್ರ್ಯಾಲಿ ಬಿಡಿಸಿಟ್ಟಾಗ ಪ್ಲಗ್ಗನ್ನು ಮಣ್ಣಿನ ಮೇಲೆ ಬಿಡದೆ, ಬಾಯಿ ಕೆಳಮುಖವಾಗಿರುವಂತೆ ಹುಕ್ಕಿನ ದಂಡಕ್ಕೆ ತೂಗುಹಾಕಿ.